ಮಾರುವಂತಿಲ್ಲ, ಕೊಡಬಹುದು

"ಅಂಗಡಿಯವನು ನನ್ನ ಮಗನಿಗೆ ಮಾರಿದ್ರೆ ಅಪರಾಧ. ಅದನ್ನೇ ನಾನು ದುಡ್ಡು ಕೊಟ್ಟು ತಂದು ಅವನ ಕೈಗಿಟ್ರೆ ಅಪರಾಧ ಅಲ್ಲ. ಇದೆಂಥ ಕಾನೂನು ಮಾರಾಯ್ತಿ?" ಎಂದು ಬೇಲಿಯಾಚೆಯಿಂದ ಅಕ್ಕ ಕೇಳಿದರು.

ಅಕ್ಕ ಕೊಡಗಿನವರು. ಇಂಗ್ಲೆಂಡಿನ ಈ ಊರಿನಲ್ಲಿ ನಮ್ಮಿಬ್ಬರ ಹಿತ್ತಿಲುಗಳ ನಡುವೆ ಎದೆಯೆತ್ತರದ ಹಲಗೆ ಬೇಲಿ ಇದೆ. ಬಿಸಿಲು ಬಿದ್ದ ದಿನ ಬಟ್ಟೆ ಹರವಲು ಇಬ್ಬರೂ ಹೊರಗೆ ಬರುತ್ತೇವೆ. ಬಂದಮೇಲೆ ಬಟ್ಟೆ ಒಣಗಿದರೂ ಮಾತು ಮುಗಿಯುವುದಿಲ್ಲ. ಈ ಸಲದ ಮಾತು ಅವರ ಮಗನ ಹುಟ್ಟುಹಬ್ಬದ್ದು. ಹುಡುಗನಿಗೆ 14 ತುಂಬುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿರುವ ಸೋದರಮಾವ ಆ ಹೊತ್ತಿಗೆ ಇಲ್ಲಿಗೆ ಬರುವವನಿದ್ದಾನೆ. ಬರುವಾಗ, ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಆಟದ ಬಂದೂಕು ತರುತ್ತೇನೆಂದು ಅಳಿಯನಿಗೆ ಫೋನಿನಲ್ಲೇ ಮಾತು ಕೊಟ್ಟುಬಿಟ್ಟಿದ್ದಾನೆ. ಹುಡುಗನಿಗೆ ಅಂದಿನಿಂದ ನಿದ್ದೆಯಿಲ್ಲ, ಅಕ್ಕನಿಗೂ ಇಲ್ಲ. ನನ್ನ ಮಗ ಆ ಆಟಕ್ಕೆ ಸೇರುವ ಮುಂಚೆ ನಾನು ಇಲ್ಲಿನ ಕಾಯ್ದೆಯನ್ನು ಕೂತು ಓದಿದ್ದೆ ಎಂಬುದು ಅವರಿಗೆ ಗೊತ್ತು. ಅದಕ್ಕೇ ಕೇಳಿದ್ದು.

"ನೀವು ಹೇಳಿದ್ದು ಸರಿಯಾಗಿಯೇ ಇದೆ ಅಕ್ಕಾ," ಎಂದೆ. ಬ್ರಿಟನ್ನಿನ 1968ರ ಫೈರ್‌ಆರ್ಮ್ಸ್ ಕಾಯ್ದೆಯಲ್ಲಿ 24ಎ ಎಂಬ ಕಲಮಿದೆ. ಅದನ್ನು ಸೇರಿಸಿದ್ದು 2006ರ ಇನ್ನೊಂದು ಕಾಯ್ದೆ, ಹಿಂಸಾಪರಾಧ ತಗ್ಗಿಸಲೆಂದೇ ತಂದದ್ದು. 18 ತುಂಬದವರು ನಕಲಿ ಬಂದೂಕು ಕೊಳ್ಳುವಂತಿಲ್ಲ, ಅವರಿಗೆ ಯಾರೂ ಮಾರುವಂತಿಲ್ಲ ಎನ್ನುತ್ತದೆ ಆ ಕಲಮು. ಏರ್‌ಸಾಫ್ಟ್ ಕೂಡ ಈ ನಕಲಿ ಬಂದೂಕಿನ ಲೆಕ್ಕಕ್ಕೇ ಸೇರುತ್ತದೆ. ಆದರೆ ಆ ಕಲಮಿನಲ್ಲಿ ಕೊಳ್ಳುವುದು, ಮಾರುವುದು ಎರಡೇ ಇವೆ; ಉಡುಗೊರೆಯ ಮಾತಿಲ್ಲ. ಮಗು ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂದೂ ಇಲ್ಲ. ಹಾಗಾಗಿ ಅಪ್ಪ ಅಮ್ಮ ತಮ್ಮ ಹೆಸರಿನಲ್ಲಿ ಕೊಂಡು ಮಗುವಿಗೆ ಕೊಟ್ಟರೆ ಅದು ಕಾನೂನಿಗೆ ವಿರುದ್ಧವಲ್ಲ.

"ಮರೆತು ಬಿಟ್ಟಿರ್ಬೇಕು ಅವ್ರು," ಎಂದರು ಅಕ್ಕ.

ಮರೆತದ್ದಲ್ಲ ಎಂಬುದು ಅದೇ ಕಾಯ್ದೆಯ ಹಿಂದಿನ ಪುಟ ತಿರುಗಿಸಿದರೆ ತಿಳಿಯುತ್ತದೆ. ಅಲ್ಲಿ ಏರ್‌ಗನ್ನಿನ ವಿಷಯವಿದೆ. ನಮ್ಮ ಜಾತ್ರೆಗಳಲ್ಲಿ ಹಲಗೆಗೆ ಬಲೂನು ಕಟ್ಟಿ ಹೊಡೆಯಲು ಕೊಡುತ್ತಾರಲ್ಲ, ಆ ಜಾತಿಯ ಬಂದೂಕು. 18 ತುಂಬದವರಿಗೆ ಏರ್‌ಗನ್ನನ್ನು ಉಡುಗೊರೆಯಾಗಿ ಕೊಡುವುದೇ ಅಪರಾಧ ಎಂದು ಕಾಯ್ದೆ ಬಾಯಿಬಿಟ್ಟು ಹೇಳುತ್ತದೆ. ಇಂಗ್ಲೆಂಡಿನಲ್ಲಿ 14 ತುಂಬಿದ ಹುಡುಗ ಇನ್ನೊಬ್ಬರ ಏರ್‌ಗನ್ನನ್ನು ಎರವಲು ಪಡೆದು, ಖಾಸಗಿ ಜಾಗದಲ್ಲಿ, ಆ ಜಾಗದವರ ಒಪ್ಪಿಗೆಯಿಂದ ಬಳಸಬಹುದು. 14ಕ್ಕಿಂತ ಚಿಕ್ಕವನಾದರೆ 21 ತುಂಬಿದವರೊಬ್ಬರು ಜೊತೆಗಿದ್ದು ನೋಡಿಕೊಳ್ಳಬೇಕು. ಕೊಳ್ಳುವುದು, ಬಾಡಿಗೆಗೆ ಪಡೆಯುವುದು, ಉಡುಗೊರೆ ಪಡೆಯುವುದು ಮೂರೂ ಇಲ್ಲ. ಅಷ್ಟೇ ಅಲ್ಲ, ಮನೆಯಲ್ಲಿ ಏರ್‌ಗನ್ ಇದ್ದರೆ ಅದು ಮಕ್ಕಳ ಕೈಗೆ ಸಿಗದಂತೆ ಜೋಪಾನ ಮಾಡುವುದು 2011ರಿಂದ ದೊಡ್ಡವರ ಮೇಲಿನ ಕಾನೂನುಬದ್ಧ ಹೊಣೆ. ಸ್ಕಾಟ್ಲೆಂಡಿನಲ್ಲಂತೂ ಏರ್‌ಗನ್ ಇಟ್ಟುಕೊಳ್ಳಲು ಲೈಸೆನ್ಸೇ ಬೇಕು. ಒಂದರ ಉಡುಗೊರೆಯನ್ನು ಹೆಸರಿಸಿ ತಡೆದ ಕಾನೂನು ಇನ್ನೊಂದರ ಉಡುಗೊರೆಯನ್ನು ಮುಟ್ಟದೆ ಬಿಟ್ಟಿದೆ.

ಕಾರಣ ಬಂದೂಕಿನ ಬಲದಲ್ಲಿದೆ. ಏರ್‌ಸಾಫ್ಟ್ ಹಾರಿಸುವುದು ಪ್ಲಾಸ್ಟಿಕ್ ಗುಂಡು. ಸಾಮಾನ್ಯವಾಗಿ 6 ಮಿಲಿಮೀಟರ್ ಅಡ್ಡಳತೆ, 0.2 ಗ್ರಾಂ ಆಸುಪಾಸಿನ ತೂಕ. 2017ರಲ್ಲಿ ಬ್ರಿಟಿಷ್ ಕಾನೂನು ಏರ್‌ಸಾಫ್ಟ್ ಎಂದರೆ ಯಾವುದು ಎಂದು ಗೆರೆ ಎಳೆಯಿತು. ಗುಂಡು 8 ಮಿಲಿಮೀಟರ್ ಮೀರಬಾರದು. ಟ್ರಿಗರ್ ಒತ್ತಿ ಹಿಡಿದರೆ ಸಾಲುಸಾಲಾಗಿ ಹಾರಿಸುವ ಬಂದೂಕಿನ ಬಲ 1.3 ಜೂಲ್ ದಾಟಬಾರದು, ಮಿಕ್ಕವುಗಳದ್ದು 2.5 ಜೂಲ್ ದಾಟಬಾರದು. ದಾಟಿದರೆ ಅದು ಏರ್‌ಸಾಫ್ಟ್ ಅಲ್ಲ, ಕಾನೂನಿನ ಕಣ್ಣಿಗೆ ಅದು ಬೇರೆಯೇ ಆಯುಧ. ಲೈಸೆನ್ಸ್ ಬೇಡದ ಏರ್‌ರೈಫಲ್ಲಿನ ಮಿತಿ ಇಂಗ್ಲೆಂಡಿನಲ್ಲಿ 16 ಜೂಲಿನ ಹತ್ತಿರಕ್ಕಿದೆ, ಅದು ಹಾರಿಸುವುದು ಲೋಹದ ಗುಂಡು. ಅಂಥದ್ದು ತಗಲಿ ಮಕ್ಕಳು ಸತ್ತದ್ದಿದೆ.

"ಹಾಗಾದ್ರೆ ಪೆಟ್ಟಿಗೆ ಮೇಲೆ ಏನು ಬರೆದಿದೆ ಅಂತ ಮೊದಲು ನೋಡ್ಬೇಕು," ಎಂದರು ಅಕ್ಕ. ಅವರ ಈ ಮಾತನ್ನು ನಾನು ಎಲ್ಲ ತಾಯಂದಿರಿಗೂ ಹೇಳಬಯಸುತ್ತೇನೆ. ಜನ ಎರಡಕ್ಕೂ ಬೀಬಿ ಗನ್ ಎಂದೇ ಅನ್ನುತ್ತಾರೆ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡಿನದೂ ಬೀಬಿ ಗನ್, 4.5 ಮಿಲಿಮೀಟರಿನ ಉಕ್ಕಿನ ಗುಂಡಿನದೂ ಬೀಬಿ ಗನ್. ನೋಡಲು ಅಣ್ಣತಮ್ಮಂದಿರಂತಿರುತ್ತವೆ. ಮೊದಲನೆಯದನ್ನು ಹುಟ್ಟುಹಬ್ಬಕ್ಕೆ ಕೊಡಬಹುದು, ಎರಡನೆಯದನ್ನು ಕೊಟ್ಟ ಚಿಕ್ಕಪ್ಪ ಅಪರಾಧಿ. ಪ್ರೀತಿಯಿಂದ ತಂದೆ ಎಂದರೆ ನ್ಯಾಯಾಲಯ ಬಿಡುವುದಿಲ್ಲ.

ಆದರೂ ಅಕ್ಕನ ಮೂಲ ಪ್ರಶ್ನೆ ಹಾಗೇ ಉಳಿದಿತ್ತು. ಮಾರುವುದು ತಪ್ಪಾದರೆ ಕೊಡುವುದು ಹೇಗೆ ಸರಿ?

ನಾನು ಇದನ್ನು ಅರ್ಥಮಾಡಿಕೊಂಡಿರುವ ಬಗೆ ಇದು. ಅಂಗಡಿಯವನಿಗೆ ಆ ಮಗುವಿನ ಪರಿಚಯವಿಲ್ಲ. ಅದಕ್ಕೆ ಸಿಟ್ಟು ಹೆಚ್ಚೇ, ಹೇಳಿದ ಮಾತು ಕೇಳುತ್ತದೆಯೇ, ಮನೆಯಲ್ಲಿ ಪುಟ್ಟ ತಂಗಿ ಇದ್ದಾಳೆಯೇ, ಶಾಲೆಯ ಚೀಲದಲ್ಲಿ ಹಾಕಿಕೊಂಡು ಹೋಗಿ ಗೆಳೆಯರಿಗೆ ತೋರಿಸುವ ಚಪಲವಿದೆಯೇ, ಇವೊಂದೂ ಅವನಿಗೆ ಗೊತ್ತಿಲ್ಲ. ಅವನಿಗೆ ತಿಳಿಯಬಹುದಾದದ್ದು ವಯಸ್ಸು ಮಾತ್ರ. ಹಾಗಾಗಿ ಕಾನೂನು ಅವನಿಗೆ ವಯಸ್ಸಿನ ಗೆರೆಯನ್ನು ಕೊಟ್ಟಿತು. ಮಿಕ್ಕಿದ್ದೆಲ್ಲ ಗೊತ್ತಿರುವುದು ಮನೆಯವರಿಗೆ. ಅದಕ್ಕೇ ತೀರ್ಮಾನವನ್ನು ಮನೆಗೆ ಬಿಟ್ಟಿತು. ಕೊಡಬಹುದು ಎಂಬುದರಲ್ಲಿ ಸಡಿಲಿಕೆ ಇಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಇದ್ದ ಕಾವಲು ನಮ್ಮ ಮನೆಯೊಳಗೆ ಬಂದು ಕೂತಿದೆ. ಉಡುಗೊರೆ ಕೊಟ್ಟವರೇ ಆ ಕಾವಲುಗಾರರು.

ದಾನ ಕೊಡುವಾಗ ದೇಶ, ಕಾಲ, ಪಾತ್ರ ಮೂರನ್ನೂ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಯಾವ ಜಾಗ, ಯಾವ ಹೊತ್ತು, ಪಡೆಯುವವರು ಯಾರು. ಮಗುವಿಗೆ ಏರ್‌ಸಾಫ್ಟ್ ಕೊಡುವ ಮನೆಯವರು ಈ ಮೂರನ್ನೂ ತಾವೇ ತೂಗಬೇಕು, ತೂಗಿಕೊಡಲು ಬೇರೆ ಯಾರೂ ಬರುವುದಿಲ್ಲ.

ಜಾಗದ ವಿಷಯವನ್ನೇ ನೋಡಿ. ನಕಲಿ ಬಂದೂಕನ್ನು ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಜಾಗಕ್ಕೆ ಒಯ್ಯುವುದು ಅದೇ 1968ರ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಪರಾಧ. ರಸ್ತೆ, ಪಾರ್ಕು, ಬಸ್ಸು, ಅಂಗಡಿ ಸಾಲು ಎಲ್ಲವೂ ಸಾರ್ವಜನಿಕ ಜಾಗವೇ. ಆಟದ ಮೈದಾನಕ್ಕೆ ಹೋಗುವಾಗ ಮುಚ್ಚಿದ ಚೀಲದಲ್ಲಿಟ್ಟು ಕಾರಿನ ಡಿಕ್ಕಿಯಲ್ಲಿ ಒಯ್ಯುವುದು ತಕ್ಕ ಕಾರಣ. ಗೆಳೆಯನಿಗೆ ತೋರಿಸಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿ ದಾಟುವುದು ಅಲ್ಲ. ಹುಡುಗನಿಗೆ 14 ಎಂದು ಪೊಲೀಸರು ಸುಮ್ಮನಿರಬೇಕಿಲ್ಲ. ಇಂಗ್ಲೆಂಡಿನಲ್ಲಿ 10 ತುಂಬಿದ ಮಗುವಿನ ಮೇಲೆ ಅಪರಾಧದ ಹೊಣೆ ಹೊರಿಸಬಹುದು.

"ಹಿತ್ತಿಲಲ್ಲಿ ಆಡಿದ್ರೆ?" ಎಂದು ಅಕ್ಕ ತಮ್ಮ ಹಿತ್ತಿಲನ್ನೊಮ್ಮೆ ನೋಡಿದರು. ಹಿತ್ತಿಲು ಅವರದೇ. ಆದರೆ ಬೇಲಿ ಎದೆಯೆತ್ತರದ್ದು, ಹಿಂದಿನ ಬೀದಿಯ ಮನೆಗಳ ಮಹಡಿ ಕಿಟಕಿಗಳೆಲ್ಲ ಇತ್ತಲೇ ತೆರೆಯುತ್ತವೆ. ಕರಿಯ ರೈಫಲ್ ಹಿಡಿದು ಗಿಡದ ಮರೆಯಲ್ಲಿ ಕೂತ ಹುಡುಗನನ್ನು ಗುರುತಿಲ್ಲದವರೊಬ್ಬರು ಕಂಡರೆ ತುರ್ತು ಸಂಖ್ಯೆ 999ಕ್ಕೆ ಕರೆ ಹೋಗುತ್ತದೆ. ಈ ದೇಶದ ಪೊಲೀಸರು ಸಾಮಾನ್ಯವಾಗಿ ಬಂದೂಕು ಹಿಡಿದು ಓಡಾಡುವವರಲ್ಲ. ಬಂದೂಕಿನ ಕರೆ ಬಂದರೆ ಮಾತ್ರ ಬಂದೂಕು ಹಿಡಿದವರು ಬರುತ್ತಾರೆ. ಕರೆ ಮಾಡಿದವರನ್ನು ನಾನು ಎಂದೂ ದೂರುವುದಿಲ್ಲ. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನಿನ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 16 ಪುಟ್ಟ ಮಕ್ಕಳನ್ನೂ ಅವರ ಟೀಚರನ್ನೂ ಗುಂಡಿಕ್ಕಿ ಕೊಂದಮೇಲೆ ಈ ದೇಶ ಬಂದೂಕಿನ ವಿಷಯದಲ್ಲಿ ಬದಲಾಯಿತು. ಮರುವರ್ಷವೇ ಖಾಸಗಿಯವರ ಕೈಬಂದೂಕುಗಳನ್ನು ನಿಷೇಧಿಸಿದರು. ಅಂಥ ನೆನಪು ಹೊತ್ತ ನೆರೆಯವರ ನಡುವೆ ನಾವು ಮಕ್ಕಳನ್ನು ಬೆಳೆಸುತ್ತಿದ್ದೇವೆ.

ಇನ್ನು ಸೋದರಮಾವನ ಸೂಟ್‌ಕೇಸಿನ ಮಾತು. ಅಸಲಿಯಂತೆಯೇ ಕಾಣುವ ನಕಲಿ ಬಂದೂಕನ್ನು ತಯಾರಿಸುವುದು, ಮಾರುವುದು, ದೇಶದೊಳಗೆ ತರುವುದು 2007ರ ಅಕ್ಟೋಬರ್‌ನಿಂದ ಇಲ್ಲಿ ಅಪರಾಧ. ನಾಟಕ, ಸಿನಿಮಾ, ಮ್ಯೂಸಿಯಂ, ಇತಿಹಾಸದ ಯುದ್ಧಗಳನ್ನು ಮರಳಿ ಆಡಿ ತೋರಿಸುವ ತಂಡಗಳು, ವಿಮೆ ಇರುವ ಏರ್‌ಸಾಫ್ಟ್ ಆಟ, ಇಂಥ ಕೆಲವಕ್ಕೆ ವಿನಾಯಿತಿ ಇದೆ. ಆಟಗಾರರು ತಾವು ಆಟಗಾರರೆಂದು ತೋರಿಸಲು ಅಂಗಡಿಯವರ ಸಂಘವೊಂದು ಪಟ್ಟಿ ಇಟ್ಟಿದೆ. ಯುಕಾರಾ ಎಂದು ಅದರ ಹೆಸರು. ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಒಂದೇ ಮೈದಾನದಲ್ಲಿ ಕನಿಷ್ಠ ಮೂರು ಸಲ ಆಡಿದವರಿಗೆ ಅದರಲ್ಲಿ ಜಾಗ ಸಿಗುತ್ತದೆ, 18 ತುಂಬಿರಬೇಕು. ಆ ಪಟ್ಟಿಯಲ್ಲಿ ಇಲ್ಲದ ನಮ್ಮಂಥ ಅಪ್ಪ ಅಮ್ಮಂದಿರಿಗೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಢಾಳಾದ ಬಣ್ಣ ಬಳಿದ ಬಂದೂಕು. ಹೊಳೆಯುವ ಕೆಂಪು, ಕಿತ್ತಳೆ, ಹಳದಿ, ಹಸಿರು, ಗುಲಾಬಿ, ನೇರಳೆ, ನೀಲಿ, ಇವುಗಳಲ್ಲೊಂದು ಅದರ ಮುಖ್ಯ ಬಣ್ಣವಾಗಿರಬೇಕು, ಇಲ್ಲವೇ ಅದು ಪಾರದರ್ಶಕವಾಗಿರಬೇಕು.

"ಅಮೆರಿಕದ್ದಕ್ಕೂ ಬಣ್ಣ ಇದೆಯಲ್ಲ, ತುದಿಗೆ ಕಿತ್ತಳೆ," ಎಂದರು ಅಕ್ಕ. ಅವರ ತಮ್ಮ ಅದರ ಫೋಟೋ ಕಳಿಸಿದ್ದನಂತೆ.

ತುದಿಗೆ ಕಿತ್ತಳೆ ಬೇಕೆಂಬುದು ಅಮೆರಿಕದ ಒಕ್ಕೂಟ ಸರ್ಕಾರದ ನಿಯಮ. ಇಲ್ಲಿ ತುದಿಯ ಬಣ್ಣವೊಂದೇ ಸಾಲದು. ಮೈಯೆಲ್ಲ ಕರಿಯಾಗಿ ಮೂತಿ ಮಾತ್ರ ಕಿತ್ತಳೆಯಾಗಿರುವ ರೈಫಲ್ಲನ್ನು ಹೀಥ್ರೂ ವಿಮಾನನಿಲ್ದಾಣದಲ್ಲಿ ಇಳಿಸಿದರೆ ತಂದವನೇ ಉತ್ತರ ಹೇಳಬೇಕು. ಇನ್ನೊಂದನ್ನೂ ಹುಡುಗನಿಗೆ ಮೊದಲೇ ಹೇಳಿಡಬೇಕು. ಬಣ್ಣದ ಬಂದೂಕು ನೋಡಿದ ತಕ್ಷಣ ಆ ವಯಸ್ಸಿನವರಿಗೆ ಬರುವ ಯೋಚನೆ, ಇದಕ್ಕೆ ಕರಿಬಣ್ಣ ಹೊಡೆದರೆ ಎಷ್ಟು ಚೆನ್ನ ಎಂಬುದು. ಬಣ್ಣ ಬದಲಿಸಿ ಅಸಲಿಯಂತೆ ಮಾಡುವುದೂ ಅದೇ 2006ರ ಕಾಯ್ದೆಯಡಿ ಅಪರಾಧವೇ. ಉಡುಗೊರೆ ಕಾನೂನುಬದ್ಧವಾಗಿದ್ದರೂ ಒಂದು ಡಬ್ಬಿ ಸ್ಪ್ರೇ ಪೇಂಟ್ ಹುಡುಗನನ್ನು ಕಾನೂನಿನ ಆಚೆಗೆ ತಳ್ಳಬಹುದು.

ಸೋದರಮಾವನ ಊರಿನ ಕಾನೂನು ಉಡುಗೊರೆಯನ್ನು ಇನ್ನೂ ನೇರವಾಗಿ ಹೆಸರಿಸುತ್ತದೆ. ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 19910ನೇ ಕಲಮಿನಂತೆ ಅಪ್ರಾಪ್ತರಿಗೆ ಇಂಥ ಬಂದೂಕು ಮಾರುವುದು ಅಪರಾಧ. 19915ನೇ ಕಲಮು, ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಇಲ್ಲದೆ ಅಪ್ರಾಪ್ತರ ಕೈಗೆ ಅದನ್ನು ಒದಗಿಸುವುದೂ ಅಪರಾಧ ಎನ್ನುತ್ತದೆ. ಅಲ್ಲಿ ನಮ್ಮ ಕನ್ನಡದ ಮನೆಗಳು ಬಹಳ. ಹುಟ್ಟುಹಬ್ಬಕ್ಕೆ ಬಂದ ಅಂಕಲ್ ಒಬ್ಬರು ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಕೊಟ್ಟು ಹೋಗುತ್ತಾರೆ, ಒಳಗೆ ಏನಿದೆ ಎಂದು ಅಮ್ಮನಿಗೆ ತಿಳಿಯುವುದು ಅತಿಥಿಗಳೆಲ್ಲ ಹೋದಮೇಲೆ. ಆ ಪೆಟ್ಟಿಗೆಯಲ್ಲಿ ಏರ್‌ಸಾಫ್ಟ್ ಇದ್ದರೆ ಅಂಕಲ್ ಮೊದಲು ಅಮ್ಮನನ್ನು ಕೇಳಬೇಕಿತ್ತು. ಈ ನಿಯಮ ನನಗೆ ಬಹಳ ಮೆಚ್ಚುಗೆ. ಮಗುವಿಗೆ ಕೊಡುವ ಮುನ್ನ ತಾಯಿತಂದೆಯನ್ನು ಕೇಳು ಎಂಬುದು ಎಲ್ಲ ದೇಶಕ್ಕೂ ಹೊಂದುವ ಮಾತು.

ಆಮೇಲೆ ನಾನು ಅಕ್ಕನಿಗೆ ಇಬ್ಬರು ಹುಡುಗರ ವಿಷಯ ಹೇಳಿದೆ. ಹೇಳದಿದ್ದರೆ ಈ ಕಲಮುಗಳೆಲ್ಲ ಬರಿಯ ಅಂಕಿಗಳಾಗಿ ಉಳಿಯುತ್ತಿದ್ದವು. 2013ರ ಅಕ್ಟೋಬರ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಆಂಡಿ ಲೋಪೆಜ್ ಎಂಬ 13ರ ಹುಡುಗ ಎಕೆ-47 ಹೋಲುವ ಏರ್‌ಸಾಫ್ಟ್ ಹಿಡಿದು ನಡೆದುಹೋಗುತ್ತಿದ್ದ. ತುದಿಯ ಕಿತ್ತಳೆ ಬಣ್ಣ ಇರಲಿಲ್ಲ. ಅಸಲಿ ಎಂದುಕೊಂಡ ಶೆರಿಫ್ ಇಲಾಖೆಯ ಅಧಿಕಾರಿ ಗುಂಡು ಹಾರಿಸಿದ, ಹುಡುಗ ಅಲ್ಲೇ ತೀರಿಕೊಂಡ. 2014ರ ನವೆಂಬರ್ 22ರಂದು ಓಹಾಯೋದ ಕ್ಲೀವ್‌ಲ್ಯಾಂಡಿನ ಪಾರ್ಕೊಂದರಲ್ಲಿ 12ರ ಹುಡುಗ ಟಮೀರ್ ರೈಸ್. ಅವನ ಕೈಯಲ್ಲಿದ್ದ ಏರ್‌ಸಾಫ್ಟ್ ಪಿಸ್ತೂಲು ಗೆಳೆಯನದು, ಅದಕ್ಕೂ ಕಿತ್ತಳೆ ತುದಿ ಇರಲಿಲ್ಲ. ಕರೆ ಮಾಡಿದವರು ಅದು ಬಹುಶಃ ನಕಲಿ ಎಂದು ಹೇಳಿದ್ದರು. ಆ ಮಾತು ಸ್ಥಳಕ್ಕೆ ಹೋದ ಪೊಲೀಸರಿಗೆ ತಲುಪಲಿಲ್ಲ. ಕಾರು ಬಂದು ನಿಂತ ಎರಡು ಸೆಕೆಂಡಿನೊಳಗೆ ಗುಂಡು ಹಾರಿತ್ತು, ಮಾರನೆಯ ದಿನ ಹುಡುಗ ಹೋದ. ಆಂಡಿಯ ಸಾವಿನ ನಂತರ ಕ್ಯಾಲಿಫೋರ್ನಿಯಾ ತನ್ನ ಕಾನೂನನ್ನು ಬಿಗಿ ಮಾಡಿತು. 2016ರ ಜನವರಿಯಿಂದ ಅಲ್ಲಿನ ಏರ್‌ಸಾಫ್ಟ್‌ಗಳಿಗೆ ತುದಿಯ ಕಿತ್ತಳೆ ಮಾತ್ರ ಸಾಲದು, ಟ್ರಿಗರಿನ ಸುತ್ತಲ ಬಳೆಯೇ ಮೊದಲಾಗಿ ಬೇರೆ ಕಡೆಗಳಲ್ಲೂ ಹೊಳೆಯುವ ಬಣ್ಣ ಬೇಕು.

ಪೊಲೀಸರ ತಪ್ಪಿನ ಬಗ್ಗೆ ಆ ದೇಶದಲ್ಲಿ ದೊಡ್ಡ ಚರ್ಚೆಯಾಯಿತು, ಆಗಲೇಬೇಕಿತ್ತು. ನಾವು ತಾಯಂದಿರು ನೋಡಬೇಕಾದದ್ದು ಇನ್ನೊಂದಿದೆ. ಟಮೀರನ ಕೈಗೆ ಆ ಪಿಸ್ತೂಲು ಬಂದದ್ದು ಗೆಳೆಯನ ಕೈಯಿಂದ. ಮಕ್ಕಳ ವಸ್ತುಗಳು ಹಾಗೆಯೇ ಕೈ ಬದಲಾಯಿಸುತ್ತವೆ. ನಾನು ನನ್ನ ಮಗನಿಗೆ ಕೊಟ್ಟದ್ದು, ಅವನು ಗೆಳೆಯನಿಗೆ ಎರವಲು ಕೊಟ್ಟದ್ದು, ಆ ಗೆಳೆಯ ಪಾರ್ಕಿಗೆ ಒಯ್ದದ್ದು. ನನ್ನ ಮಗನಿಗೆ ನಾನು ಹೇಳಿದ ಬುದ್ಧಿಮಾತು ಅವನ ಗೆಳೆಯನ ಕಿವಿಗೆ ಬಿದ್ದಿರುವುದಿಲ್ಲ. ಹಾಗಾಗಿ ಉಡುಗೊರೆಯ ಮೊದಲ ಕರಾರು, ಇದನ್ನು ಯಾರಿಗೂ ಎರವಲು ಕೊಡುವಂತಿಲ್ಲ ಎಂಬುದು.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಬೇಲಿಯ ಮೇಲೆ ಹಾಕಿ ನಿಂತರು. "ನಮ್ಮ ಕಡೆ ಕೋವಿ ಅಂದ್ರೆ ಆಟದ ಸಾಮಾನು ಅಂತ ಯಾರೂ ಎಣಿಸೋದಿಲ್ಲ," ಎಂದರು. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಹೊರಗಿನವರು ಅಷ್ಟನ್ನು ಕೇಳಿ, ಅಲ್ಲಿ ಕೋವಿ ಸಲೀಸು ಎಂದುಕೊಳ್ಳುತ್ತಾರೆ. ಅಕ್ಕ ಹೇಳಿದ್ದು ಬೇರೆಯೇ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ತೊಳೆದೊರಸಿ, ತೋಕ್ ಪೂ ಎಂಬ ಹೂವು ಮುಡಿಸಿ, ದೇವರ ಮುಂದಿಟ್ಟು ಪೂಜಿಸಿ, ಆಮೇಲೆ ಹಿರಿಯರ ಕೈಯಿಂದ ಪಡೆಯುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಊರೆಲ್ಲ ಸೇರಿದ ಮೈದಾನದಲ್ಲೇ. "ಕೋವಿ ಎತ್ತಿ ಮನುಷ್ಯರ ಕಡೆ ತೋರಿಸ್ಬಾರದು ಅಂತ ನಮ್ಮಜ್ಜ ಬಾಯಲ್ಲಿ ಹೇಳಿದ್ದಲ್ಲ, ಹಿಡಿಯೋ ರೀತಿಯಲ್ಲೇ ಕಲಿಸಿದ್ರು. ಖಾಲಿ ಕೋವಿಯಾದ್ರೂ ಮೂತಿ ನೆಲಕ್ಕೇ."

ಅಲ್ಲಿ ಕಾನೂನು ಬಿಟ್ಟುಕೊಟ್ಟ ಜಾಗವನ್ನು ಮನೆತನದ ಶಿಸ್ತು ತುಂಬಿದೆ. ಇಲ್ಲಿ ಏರ್‌ಸಾಫ್ಟಿನ ಉಡುಗೊರೆಯಲ್ಲೂ ಕಾನೂನು ಅಂಥದೇ ಜಾಗವೊಂದನ್ನು ಬಿಟ್ಟಿದೆ. ಅದನ್ನು ತುಂಬಬೇಕಾದವರು ನಾವು.

ಆಟದ ಬಗ್ಗೆಯೂ ಹೇಳಲೇಬೇಕು. ಬಂದೂಕಿನ ಹೆಸರು ಕೇಳಿ ಆಟವನ್ನೇ ಕೆಟ್ಟದ್ದೆಂದು ತಳ್ಳಿಹಾಕುವುದು ಮಕ್ಕಳಿಗೆ ಮಾಡುವ ಅನ್ಯಾಯ. 1970ರ ದಶಕದಲ್ಲಿ, ಜನರ ಕೈಗೆ ಅಸಲಿ ಬಂದೂಕು ಸುಲಭವಾಗಿ ಸಿಗದ ಜಪಾನಿನಲ್ಲಿ ಹುಟ್ಟಿದ ಆಟವಿದು. ಮೈದಾನಕ್ಕೆ ಹೋದೊಡನೆ ಪ್ರತಿ ಬಂದೂಕಿನ ಬಲವನ್ನು ಯಂತ್ರದಲ್ಲಿ ಅಳೆಯುತ್ತಾರೆ. ಹೆಚ್ಚಿದ್ದರೆ ಒಳಗೆ ಬಿಡುವುದಿಲ್ಲ. ಕಣ್ಣಿಗೆ ಕನ್ನಡಕದಂಥ ರಕ್ಷಣೆ ಎಲ್ಲರಿಗೂ ಕಡ್ಡಾಯ, ಚಿಕ್ಕವರಿಗೆ ಬಹಳ ಕಡೆ ಮುಖ ಪೂರ್ತಿ ಮುಚ್ಚುವ ಮುಖವಾಡ. ವಿಶ್ರಾಂತಿಯ ಜಾಗಕ್ಕೆ ಬರುವಾಗ ಗುಂಡಿನ ಡಬ್ಬಿ ತೆಗೆದಿರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. ಪೇಂಟ್‌ಬಾಲಿನಲ್ಲಿ ಗುಂಡು ತಗಲಿದರೆ ಬಟ್ಟೆಯ ಮೇಲೆ ಬಣ್ಣ ಉಳಿಯುತ್ತದೆ. ಏರ್‌ಸಾಫ್ಟಿನಲ್ಲಿ ಏನೂ ಉಳಿಯುವುದಿಲ್ಲ. ತಗಲಿತೆಂದು ಗೊತ್ತಾಗುವುದು ತಗಲಿಸಿಕೊಂಡವನಿಗೆ ಮಾತ್ರ. ಅವನೇ ಕೈಯೆತ್ತಿ ನಾನು ಔಟ್ ಎಂದು ಕೂಗಿ ಹೊರಗೆ ನಡೆಯಬೇಕು. ಯಾರೂ ನೋಡದಾಗ ನಿಜ ಹೇಳುವ ಅಭ್ಯಾಸ ಹುಡುಗರಿಗೆ ಆಡುತ್ತಾಡುತ್ತ ಬರುತ್ತದೆ. ನನ್ನ ಮಗನಲ್ಲಿ ಅದನ್ನು ನಾನು ಕಂಡಿದ್ದೇನೆ.

"ಹಾಗಾದ್ರೆ ನೀನು ಏನು ಕೊಡು ಅಂತೀಯ?" ಎಂದರು ಅಕ್ಕ.

"ಮೊದಲು ಒಂದು ದಿನ ಕೊಡಿ," ಎಂದೆ. ಮೈದಾನಗಳಲ್ಲಿ ಬಂದೂಕು, ಮುಖವಾಡ ಎರಡೂ ಬಾಡಿಗೆಗೆ ಸಿಗುತ್ತವೆ. ಚಿಕ್ಕವರನ್ನು ಎಷ್ಟು ವಯಸ್ಸಿನಿಂದ ಸೇರಿಸಿಕೊಳ್ಳುತ್ತಾರೆ, ದೊಡ್ಡವರು ಜೊತೆಗಿರಬೇಕೇ ಎಂಬುದು ಒಂದೊಂದು ಮೈದಾನದಲ್ಲಿ ಒಂದೊಂದು ರೀತಿ. ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ, ಪೋಷಕರ ಸಹಿ ಬೇಕಾಗುತ್ತದೆ. ಹುಡುಗ ಒಂದು ಇಡೀ ದಿನ ಆಡಲಿ. ಮುಖವಾಡ ಸೆಕೆಯೆಂದು ತೆಗೆಯುತ್ತಾನೋ, ತಗಲಿದಾಗ ಕೈಯೆತ್ತುತ್ತಾನೋ, ಆಟ ನಡೆಸುವ ಮಾರ್ಷಲ್ ಶಿಳ್ಳೆ ಹೊಡೆದಾಗ ನಿಲ್ಲುತ್ತಾನೋ ದೊಡ್ಡವರು ಪಕ್ಕದಲ್ಲಿ ನಿಂತು ನೋಡಲಿ. ಅಂಗಡಿಯವನಿಗೆ ತಿಳಿಯದ್ದೆಲ್ಲ ಆ ಒಂದು ದಿನದಲ್ಲಿ ನಿಮಗೆ ತಿಳಿಯುತ್ತದೆ. ಅವನು ತಯಾರಾಗಿದ್ದಾನೆ ಎನಿಸಿದರೆ ಇಲ್ಲಿಯ ಅಂಗಡಿಯಿಂದಲೇ, ನಿಮ್ಮ ಹೆಸರಿನಲ್ಲಿ, ಬಣ್ಣದ ಬಂದೂಕು ಕೊಂಡುಕೊಡಿ. ಚೀಲದ ಬೀಗದ ಕೀಲಿ ನಿಮ್ಮ ಹತ್ತಿರ ಇರಲಿ. ಇನ್ನೂ ಹೊತ್ತಿದೆ ಎನಿಸಿದರೆ ಬಾಡಿಗೆಯ ಬಂದೂಕಿನಲ್ಲೇ ಇನ್ನೊಂದು ವರ್ಷ ಆಡಲಿ, ಆಟಕ್ಕೇನೂ ಕಡಿಮೆಯಾಗುವುದಿಲ್ಲ.

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ, "ಇವತ್ತೇ ತಮ್ಮನಿಗೆ ಹೇಳ್ತೇನೆ. ಸೂಟ್‌ಕೇಸಲ್ಲಿ ಬಂದೂಕು ಬೇಡ. ಭಾನುವಾರ ಪೂರ್ತಿ ಖಾಲಿ ಇಟ್ಕೊಂಡು ಬಾ, ಅಳಿಯನ ಜೊತೆ ನೀನೇ ಮೈದಾನಕ್ಕೆ ಹೋಗ್ಬೇಕು ಅಂತ," ಎಂದರು. "ಹುಡುಗನಿಗೂ ಕಾರಣ ಎಲ್ಲ ಹೇಳ್ತೇನೆ. ಆ ಇಬ್ಬರು ಮಕ್ಕಳದ್ದೂ ಹೇಳ್ತೇನೆ. 14 ಆಯ್ತಲ್ಲ, ಕೇಳೋ ವಯಸ್ಸು."

ಅದೇ ಸರಿಯಾದ ದಾರಿ ಎಂದು ನನಗೆ ತೋರುತ್ತದೆ. ಮಕ್ಕಳಿಂದ ಕಾನೂನನ್ನು ಬಚ್ಚಿಟ್ಟು ವಸ್ತುವನ್ನು ಮಾತ್ರ ಕೊಡಬಾರದು. ಎಲ್ಲಿ ಹಿಡಿಯಬಹುದು, ಎಲ್ಲಿ ಹಿಡಿಯಬಾರದು, ಬಣ್ಣ ಯಾಕೆ ಇದೆ, ಗೆಳೆಯನಿಗೆ ಯಾಕೆ ಕೊಡಬಾರದು ಎಂಬುದನ್ನೆಲ್ಲ ಪೆಟ್ಟಿಗೆ ಬಿಚ್ಚುವ ಮುನ್ನ ಅವರ ಜೊತೆ ಕೂತು ಮಾತಾಡಬೇಕು. ಅಷ್ಟು ಮಾತಾಡುವ ಪುರುಸೊತ್ತು ನಮಗಿಲ್ಲವಾದರೆ ಆ ಉಡುಗೊರೆ ಕೊಡುವ ಹಕ್ಕೂ ನಮಗಿಲ್ಲ.